ಕೆಂಪು ಗುರುತಿನ ಟಬ್ಬು

ಹೊಸ ಬಾತುಕೋಳಿಗಳು ಮನೆಗೆ ಬಂದ ಸಂಜೆಯೇ ಸೊಸೆ ಅಡುಗೆಮನೆಯ ಹಿಂಬಾಗಿಲಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದಳು. ಸ್ಕೇಲು ಹಿಡಿದು ಎಳೆದ ಮೂವತ್ತು ಚೌಕಗಳು, ದಿನಕ್ಕೊಂದು. ಮೂವತ್ತೂ ತುಂಬುವ ತನಕ ಹೊಸ ನಾಲ್ಕು ಹಿತ್ತಿಲ ತುದಿಯ ಸೌದೆ ಕೊಟ್ಟಿಗೆಯಲ್ಲೇ ಇರಬೇಕು, ಹಳೆಯ ಆರರ ಹತ್ತಿರ ಸುಳಿಯಬಾರದು.

"ಬಾತುಕೋಳಿಗೂ ಬಾಣಂತನವಾ?" ಎಂದರು ಅತ್ತೆ.

"ಹೊಸ ಹಕ್ಕಿ ಒಳಗೆ ರೋಗ ಇಟ್ಕೊಂಡು ಮೇಲೆ ಚೆನ್ನಾಗೇ ಕಾಣುತ್ತೆ ಅತ್ತೆ. ಕಾದು ನೋಡ್ಬೇಕು."

"ಮನುಷ್ಯರೂ ಹಾಗೇ ಇರ್ತಾರಮ್ಮ. ನಿನ್ನನ್ನ ಮನೆ ತುಂಬಿಸಿಕೊಳ್ಳೋವಾಗ ನಾನೇನು ಮೂವತ್ತು ದಿನ ಕೊಟ್ಟಿಗೇಲಿ ಕೂರಿಸಿದ್ನಾ?"

ಗಂಡ ನಕ್ಕ. ಮಗಳು ಗುಬ್ಬಿಯಂತೂ ಕುಡಿಯುತ್ತಿದ್ದ ನೀರನ್ನು ಮೂಗಿನಿಂದ ಬಿಟ್ಟಳು. ಸೊಸೆಯೂ ನಕ್ಕಳು, ಆದರೆ ಹಾಳೆ ತೆಗೆಯಲಿಲ್ಲ. ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ದುಡಿದವಳು ಅವಳು. ಯಾವುದು ಯಾವುದಕ್ಕೆ ತಾಗಬಾರದು ಎನ್ನುವುದೇ ಅವಳ ಕಸುಬು.

ಹೊಸ ನಾಲ್ಕನ್ನು ತಂದವನು ಗಂಡ. ಬಸ್ ಡಿಪೋದಲ್ಲಿ ಅವನ ಜೊತೆಯ ಮೆಕ್ಯಾನಿಕ್ ಒಬ್ಬ ಬೇರೆ ಊರಿಗೆ ವರ್ಗವಾಗಿ ಹೊರಟಾಗ ತಾನು ಸಾಕಿದವನ್ನು ಇವನಿಗೆ ಕೊಟ್ಟಿದ್ದ. ಅತ್ತೆಯ ಆರರಲ್ಲಿ ಮೂರು ಮೊಟ್ಟೆ ಇಡುವುದನ್ನು ನಿಲ್ಲಿಸಿದ್ದವು, ಬೀದಿಯ ಬೇಕರಿಯವನು ಕೇಕಿಗೆ ಇನ್ನಷ್ಟು ಮೊಟ್ಟೆ ಕೇಳುತ್ತಿದ್ದ. ಎಲ್ಲರಿಗೂ ಒಪ್ಪಿಗೆಯಾದ ವಿಷಯವೇ. ನಿಯಮಗಳು ಮಾತ್ರ ಸೊಸೆಯವು. ಮೊದಲು ಹಳೆಯವುಗಳ ಕೆಲಸ, ಆಮೇಲೆ ಹೊಸವುಗಳದ್ದು, ಹಿಂದುಮುಂದು ಆಗಬಾರದು. ಕೊಟ್ಟಿಗೆಗೆ ಬೇರೆ ಚಪ್ಪಲಿ. ನೀರಿಗೆ ಒಂದೇ ಅಂಗಡಿಯಿಂದ ತಂದ ಎರಡು ಹಸಿರು ಪ್ಲಾಸ್ಟಿಕ್ ಟಬ್ಬುಗಳಿದ್ದವು. ಅದಲುಬದಲಾಗದಿರಲಿ ಎಂದು ಗುಬ್ಬಿ ತನ್ನ ಉಗುರುಬಣ್ಣದಿಂದ ಹೊಸವುಗಳ ಟಬ್ಬಿಗೆ ಅಂಗೈಯಷ್ಟು ದೊಡ್ಡ ಕೆಂಪು ಗುರುತು ಬಳಿದಳು.

"ಡಾಕ್ಟರಮ್ಮ, ಚಪ್ಪಲಿ ಬದಲಾಯಿಸಿದ್ದೀನಿ, ನೋಡ್ಕೋ" ಎಂದು ಅತ್ತೆ ದಿನಾ ಬೆಳಿಗ್ಗೆ ಹಿತ್ತಿಲಿಂದ ಕೂಗುವರು. ಕೂಗಿನಲ್ಲಿ ಕುಚೋದ್ಯವಿದ್ದರೂ ಚಪ್ಪಲಿ ನಿಜಕ್ಕೂ ಬದಲಾಗಿರುತ್ತಿತ್ತು.

ಅತ್ತೆ ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವರು. ಮುಂದಿನ ಕೋಣೆಯ ಹೊಲಿಗೆ ಯಂತ್ರ ಈಗ ಮುಸುಕು ಹೊದ್ದು ಕೂತಿದ್ದರೂ ಅರ್ಧ ಬೀದಿಯ ಅಳತೆ ಅವರ ತಲೆಯಲ್ಲಿತ್ತು. ಎಂದೂ ಪುಸ್ತಕದಲ್ಲಿ ಬರೆದಿಟ್ಟವರಲ್ಲ. ಬೇಕರಿಯವನು ಮೊಟ್ಟೆ ಒಯ್ಯಲು ಬಂದಾಗಲೆಲ್ಲ, "ನಿನ್ನ ಮದುವೆ ಪ್ಯಾಂಟಿನ ಸೊಂಟ ಇಪ್ಪತ್ತೆಂಟೂವರೆ ಇತ್ತು ಕಣೋ. ಈಗ ನೋಡಿದ್ರೆ ಬೇಕರೀನೇ ಒಳಗೆ ಹೋಗಿದೆ" ಎನ್ನುವರು. ಅವನು ಅದನ್ನು ಕೇಳಲೆಂದೇ ಎರಡು ನಿಮಿಷ ಹೆಚ್ಚು ನಿಲ್ಲುತ್ತಿದ್ದ.

ಆದರೆ ಹೋದ ತಿಂಗಳು ಎರಡು ಸಲ ಅವರು ಟೀ ಪಾತ್ರೆಯನ್ನು ಒಲೆಯ ಮೇಲಿಟ್ಟು ಮರೆತಿದ್ದರು. ಎರಡನೆಯ ಸಲ ಪಾತ್ರೆಯ ತಳ ಕರಕಲಾಗಿ ಮನೆಯೆಲ್ಲ ಹೊಗೆ ತುಂಬಿತ್ತು. ಅಂದಿನಿಂದ ಗಂಡ, "ಅಮ್ಮಂಗೆ ಮರೆವು ಶುರುವಾಯ್ತೇನೋ" ಎನ್ನತೊಡಗಿದ್ದ. "ವಯಸ್ಸು, ರೀ. ಗಮನ ಇಡೋಣ" ಎಂದಿದ್ದಳು ಸೊಸೆ.

ಹತ್ತೊಂಬತ್ತನೆಯ ಚೌಕದ ದಿನ, ಮಂಗಳವಾರ, ಬೆಳಿಗ್ಗೆಯೇ ಲ್ಯಾಬಿನಿಂದ ಫೋನು ಬಂತು. ಜೊತೆಯವಳು ರಜೆ ಹಾಕಿದ್ದಳು, ಜನ ಖಾಲಿ ಹೊಟ್ಟೆಯಲ್ಲಿ ಸಾಲು ನಿಂತಿದ್ದರು. ಅತ್ತೆ ಸ್ನಾನಕ್ಕೆ ಹೋಗಿದ್ದರು. ಸೊಸೆಯೇ ಹಿತ್ತಿಲಿಗೆ ಓಡಿ, ಹಳೆಯವುಗಳ ಟಬ್ಬಿನ ಕೊಳೆ ನೀರು ಚೆಲ್ಲಿ, ತಳಕ್ಕೆ ಕಚ್ಚಿದ ಪಾಚಿ ಬಿಡಲಿ ಎಂದು ಒಗೆಯುವ ಕಲ್ಲಿಗೆ ಒಮ್ಮೆ ಕುಟ್ಟಿದಳು. ತಳ ಉದ್ದಕ್ಕೆ ಸೀಳಿತು.

ಬಾತುಕೋಳಿ ನೀರಿಲ್ಲದೆ ಒಂದು ತುತ್ತೂ ಸಲೀಸಾಗಿ ನುಂಗಲಾರದು. ಹಳೆಯ ಆರೂ ಅವಳ ಕಾಲ ಬಳಿ ಗಲಾಟೆ ಎಬ್ಬಿಸಿದವು. ಎಲ್ಲಕ್ಕಿಂತ ಮುಂದೆ ನಿಂತದ್ದು ಬಿಳಿ ಗಂಡು. ಮಿಕ್ಕವನ್ನು ಸಾಲಾಗಿ ನಡೆಸಿಕೊಂಡು ಹೋಗುವ ಅದಕ್ಕೆ ಅತ್ತೆ ಇಟ್ಟ ಹೆಸರು ಮೇಷ್ಟ್ರು. ಅಡುಗೆಮನೆಯಿಂದ ಯಾವುದಾದರೂ ಅಗಲ ಪಾತ್ರೆ ತರಬಹುದಿತ್ತು. ಅದು ಆಮೇಲೆ ನೂರು ಸಲ ಹೊಳೆಯಿತು. ಆ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ಕೊಟ್ಟಿಗೆಯ ಹೊರಗೆ ಬೋರಲಾಗಿ ಮಲಗಿದ್ದ ಕೆಂಪು ಗುರುತಿನ ಟಬ್ಬು. ಹೊಸವಕ್ಕೆ ಒಳಗೆ ಒಂದು ಬಕೆಟ್ಟು ನೀರು ಇತ್ತು. ಅವಳು ಟಬ್ಬನ್ನು ನಲ್ಲಿಯ ಕೆಳಗೆ ಎರಡು ಸಲ ಜಾಲಾಡಿಸಿ, ತುಂಬಿಸಿ, ಹಳೆಯವುಗಳ ಮುಂದಿಟ್ಟಳು. ಮೇಷ್ಟ್ರು ಮೊದಲು ತಲೆ ಮುಳುಗಿಸಿತು.

ಒಡೆದ ಟಬ್ಬನ್ನು ಬೀದಿ ಮೂಲೆಯ ಕಸದ ತೊಟ್ಟಿಗೆ ಹಾಕಿ ಬಸ್ಸು ಹಿಡಿದಳು. ಸಂಜೆ ಬರುವಾಗ ಅಂಥದ್ದೇ ಹಸಿರು ಟಬ್ಬು ಕೊಂಡಳು. ಅತ್ತೆ ಮುಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಹಿತ್ತಿಲಿಗೆ ಹೋಗಿ ಹೊಸದನ್ನು ಇಟ್ಟು, ಕೆಂಪು ಗುರುತಿನದನ್ನು ಕೊಟ್ಟಿಗೆಗೆ ಮರಳಿಸಿ, ಆಗ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದಳು. ಒಳಗೆ ಬಂದು ಹತ್ತೊಂಬತ್ತನೆಯ ಚೌಕಕ್ಕೆ ಗುರುತು ಹಾಕಿದಳು.

ಟೀ ಹೊತ್ತಿಗೆ ಅತ್ತೆ ಕೇಳಿದರು, "ಅಲ್ಲಮ್ಮ, ಮಧ್ಯಾಹ್ನ ಆ ಕೆಂಪು ಗುರುತಿಂದು ನಮ್ಮವುಗಳ ಹತ್ರ ಇತ್ತಲ್ಲ?"

ಸೊಸೆ ಲೋಟ ಕೆಳಗಿಟ್ಟಳು. ಹೌದು ಅತ್ತೆ, ಹೀಗಾಯ್ತು ಎಂದಿದ್ದರೆ ಒಂದು ವಾರದ ನಗೆಪಾಟಲು, ಅಷ್ಟೆ. ಆದರೆ ಮನೆಮಂದಿಯನ್ನೆಲ್ಲ ಹತ್ತೊಂಬತ್ತು ದಿನ ಚಪ್ಪಲಿ ಬದಲಾಯಿಸಲು ಹಚ್ಚಿದವಳು ಅವಳು.

"ಇಲ್ವಲ್ಲ ಅತ್ತೆ. ಕೊಟ್ಟಿಗೆ ಹತ್ರಾನೇ ಇದೆ, ನೋಡಿ."

ಅತ್ತೆ ಎದ್ದು ಹಿಂಬಾಗಿಲಿಗೆ ಹೋಗಿ ನೋಡಿದರು. ಸ್ವಲ್ಪ ಹೊತ್ತು ಅಲ್ಲೇ ನಿಂತು ಮರಳಿ ಬಂದು ಕೂತರು.

"ಹೌದಲ್ಲ" ಎಂದರು.

ಶುಕ್ರವಾರ ಮೇಷ್ಟ್ರು ಸಾಲು ಬಿಟ್ಟು ಗೋಡೆಯ ನೆರಳಲ್ಲಿ ಕೂತುಬಿಟ್ಟಿತು. ರೆಕ್ಕೆ ಜೋತಿದ್ದವು, ಹಿಕ್ಕೆ ಹಸಿರಾಗಿ ನೀರಾಗಿತ್ತು. ಶನಿವಾರ ಬೆಳಿಗ್ಗೆ ಅದು ಕಾಲು ಚಾಚಿ ಸತ್ತಿತ್ತು. ಭಾನುವಾರ ಎರಡು, ಸೋಮವಾರ ಮತ್ತೊಂದು. ಕೊಟ್ಟಿಗೆಯಲ್ಲಿ ಹೊಸ ನಾಲ್ಕು ದುಂಡಗೆ ಓಡಾಡಿಕೊಂಡಿದ್ದವು.

ಸೋಮವಾರ ದನದ ಡಾಕ್ಟರು ಸ್ಕೂಟರಿನಲ್ಲಿ ಬಂದರು. ಸತ್ತದ್ದನ್ನು ಕೊಯ್ದು ನೋಡಿದರು, ಉಳಿದ ಎರಡಕ್ಕೆ ನೀರಿನಲ್ಲಿ ಹಾಕುವ ಔಷಧಿ ಬರೆದುಕೊಟ್ಟರು, ಸತ್ತವನ್ನು ಆಳಕ್ಕೆ ಸುಣ್ಣ ಹಾಕಿ ಹೂಳಲು ಹೇಳಿದರು. ಕೈ ತೊಳೆಯುತ್ತಾ, "ಹೊಸವು ಯಾವಾಗ ಬಂದದ್ದು?" ಎಂದರು.

ಗುಬ್ಬಿ ಚಾರ್ಟು ತೋರಿಸಿದಳು. ಡಾಕ್ಟರು ಹತ್ತಿರ ಹೋಗಿ ಓದಿದರು.

"ನಮ್ಮ ಆಫೀಸಲ್ಲೂ ಇಷ್ಟು ಅಚ್ಚುಕಟ್ಟು ಇಲ್ಲ. ರೋಗ ಆ ಹೊಸವುಗಳ ಮೈಯಲ್ಲೇ ಇದೆ, ಅವಕ್ಕೆ ಒಗ್ಗಿಹೋಗಿದೆ. ಆ ಕಡೆಯದೇನಾದ್ರೂ ಈ ಕಡೆ ಬಂತಾ? ಚಪ್ಪಲಿ, ಬಕೆಟ್ಟು, ಟಬ್ಬು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೊಸೆಯ ಕೈ ತಾನಾಗಿ ಹೋಗಿ ಚಾರ್ಟಿನ ಎದ್ದಿದ್ದ ತುದಿಯನ್ನು ಗೋಡೆಗೆ ಒತ್ತಿತು. ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಅತ್ತೆಯ ಕಡೆ ತಿರುಗಿದ್ದರು, ಯಾಕೆಂದರೆ ಅವರು ಮಾತಾಡಲು ಶುರುಮಾಡಿದ್ದರು.

"ನಾನು ಒಂದಿನ ಕೆಂಪು ಗುರುತಿನ ಟಬ್ಬನ್ನ ಈ ಕಡೆ ನೋಡಿದ ಹಾಗಿತ್ತು. ಸಂಜೆ ನೋಡಿದ್ರೆ ಅದರ ಜಾಗದಲ್ಲೇ ಇತ್ತು."

"ಯಾರು ಇಟ್ಟದ್ದಮ್ಮ?" ಎಂದ ಗಂಡ.

"ಹಗಲು ಮನೇಲಿ ಇರೋಳು ನಾನೊಬ್ಳೇ ಅಲ್ವಾ?" ಅತ್ತೆ ತಮ್ಮ ಎರಡು ಕೈಗಳನ್ನೂ ಮಗುಚಿ ನೋಡಿಕೊಂಡರು. "ನಾನೇ ಇಟ್ಟಿರ್ಬೇಕು. ನಾನೇ ತೆಗೆದಿರ್ಬೇಕು."

ಹಿತ್ತಿಲಿನಲ್ಲಿ ಹೊಸ ಬಾತುಕೋಳಿಯೊಂದು ಕೂಗಿತು. ಸೊಸೆ ಬಾಯಿ ತೆರೆದಳು; ಅಷ್ಟರಲ್ಲಿ ಡಾಕ್ಟರು, "ವಯಸ್ಸಾದೋರು, ಬಿಡಿ. ಬೇಕು ಅಂತ ಮಾಡಿರ್ತಾರಾ" ಎಂದರು. ಅವಳು ನಾಳೆ ಹೇಳೋಣ ಎಂದುಕೊಂಡಳು. ಇಲಿಯಿಂದಲೂ ಬಂದಿರಬಹುದು, ಗುಬ್ಬಚ್ಚಿಯಿಂದಲೂ ಬಂದಿರಬಹುದು ಎಂದೂ ಅಂದುಕೊಂಡಳು. ಆದರೆ ಮಂಗಳವಾರದಿಂದ ಶುಕ್ರವಾರಕ್ಕೆ ಮೂರು ದಿನ. ಲೆಕ್ಕ ಹಾಕಲು ಬಾರದವಳಲ್ಲ.

ನಾಳೆ ಬಂತು, ಹೋಯಿತು.

ಗಂಡನಿಗೆ ಸಂಶಯ ಉಳಿಯಲಿಲ್ಲ. ಟೀ ಪಾತ್ರೆ ಎರಡು ಸಲ, ಈಗ ಟಬ್ಬು. ಮಾರನೆಯ ದಿನದಿಂದ ಡಿಪೋಗೆ ಹೊರಡುವ ಮುಂಚೆ ಗ್ಯಾಸ್ ಒಲೆ ಹೊತ್ತಿಸುವ ಎರಡು ಗುಂಡಿಗಳನ್ನೂ ಕಿತ್ತು ಕಪಾಟಿನ ಮೇಲಿಡತೊಡಗಿದ. ಅತ್ತೆಗೆ ಫ್ಲಾಸ್ಕಿನಲ್ಲಿ ಟೀ, ಡಬ್ಬಿಯಲ್ಲಿ ಅನ್ನ.

"ಸಿಟ್ಟು ಮಾಡ್ಕೋಬೇಡಮ್ಮ. ನಿನ್ನ ಒಳ್ಳೇದಕ್ಕೇ."

"ಸಿಟ್ಟು ಯಾಕೆ ಮಗಾ. ಸರಿಯಾಗೇ ಮಾಡ್ತಿದ್ದೀಯ."

ಅವರು ಜಗಳವಾಡಿದ್ದರೆ ಸೊಸೆಗೆ ಎಷ್ಟೋ ಹಗುರಾಗುತ್ತಿತ್ತು. ಗುಬ್ಬಿ ಮಾತ್ರ ಅಪ್ಪನ ಮೇಲೆ ಹರಿಹಾಯ್ದಳು. "ಒಲೆ ಏನು ಬಸ್ಸಾ, ಬಿಚ್ಚಿ ಬಿಚ್ಚಿ ಇಡೋಕೆ? ಅಮ್ಮಾ, ನೀನಾದ್ರೂ ಹೇಳು." ಸೊಸೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಕೂತಳು. "ದೊಡ್ಡವರ ವಿಷಯ, ಸುಮ್ನಿರು" ಎಂದಳು. ಹೇಳಿದ ಮೇಲೆ ಚಾಕು ಹೆಬ್ಬೆರಳಿಗೆ ತಾಗಿತು.

ಬೇಕರಿಯವನು ಬಂದ. ಕೊಡಲು ಎರಡೇ ಮೊಟ್ಟೆ ಇದ್ದವು. ಹೋಗುವ ಮುಂಚೆ ಹೊಸ್ತಿಲಲ್ಲಿ ನಿಂತು, "ನನ್ನ ಸೊಂಟ ಎಷ್ಟು ಅಜ್ಜಿ?" ಎಂದ, ನಗಿಸಲು.

"ಗೊತ್ತಿಲ್ಲಪ್ಪ. ಟೇಪು ಹಿಡಿದು ನೋಡ್ಬೇಕು" ಎಂದರು ಅತ್ತೆ.

ಅವನು ಸೊಸೆಯ ಮುಖ ನೋಡಿದ. ಅವಳು ಮೊಟ್ಟೆಯ ಬುಟ್ಟಿ ನೋಡಿದಳು.

ಒಂದು ದಿನ ಅತ್ತೆಯ ಹಾಸಿಗೆ ಒದರುವಾಗ ದಿಂಬಿನ ಕೆಳಗೆ ಗುಬ್ಬಿಯ ಹಳೆಯ ನೋಟುಪುಸ್ತಕ ಸಿಕ್ಕಿತು. ಒಳಗೆ ಪೆನ್ಸಿಲಿನ ದಪ್ಪ ಅಕ್ಷರ. ದಿನಕ್ಕೊಂದು ಪುಟ, ಪುಟಕ್ಕೆ ನಾಲ್ಕೈದು ಸಾಲು. ಬಾಗಿಲು ಹಾಕಿದೆ. ಮಾತ್ರೆ ತೊಗೊಂಡೆ. ನಲ್ಲಿ ನಿಲ್ಲಿಸಿದೆ. ಪ್ರತಿ ಪುಟದ ಕೊನೆಗೂ ಅದೇ ಒಂದು ಸಾಲು: ಟಬ್ಬು ಮುಟ್ಟಿಲ್ಲ. ನಲವತ್ತು ವರ್ಷ ಒಂದು ಅಳತೆಯನ್ನೂ ಬರೆದಿಡದ ಕೈ ಅದು. ಸೊಸೆ ಪುಸ್ತಕವನ್ನು ಇದ್ದ ಹಾಗೆಯೇ ಇಟ್ಟು ದಿಂಬನ್ನು ಮೇಲಿಟ್ಟಳು. ಆ ದಿನ ಲ್ಯಾಬಿನಲ್ಲಿ ಒಂದೊಂದು ಸೀಸೆಯ ಹೆಸರನ್ನೂ ಮೂರು ಮೂರು ಸಲ ಓದಿದಳು.

ಔಷಧಿ ಮುಗಿದ ಮೇಲೆ ದನದ ಡಾಕ್ಟರು ಫೋನಿನಲ್ಲಿ, "ಇನ್ನು ಬೇರೆ ಯಾಕಮ್ಮ? ಈಗ ಎರಡೂ ಕಡೆ ಒಂದೇ ರೋಗ. ಒಟ್ಟಿಗೆ ಬಿಡಿ" ಎಂದರು. ತಿಂಗಳ ಕೊನೆಯ ಭಾನುವಾರ ಗಂಡ ಕೊಟ್ಟಿಗೆಯ ಬಾಗಿಲು ತೆಗೆದ. ಅತ್ತೆಯನ್ನು ಕರೆದರೆ ಬರಲಿಲ್ಲ.

"ನೀವೇ ನೋಡ್ಕೊಳ್ಳಿ. ನಾನು ಬಂದ್ರೆ ಏನಾದ್ರೂ ಮಾಡ್ಬಿಡ್ತೀನಿ."

ಹೊಸ ನಾಲ್ಕು ಹೊರಗೆ ಬಂದು ಹಿತ್ತಿಲನ್ನು ತಮ್ಮದೇ ಎಂಬಂತೆ ಸುತ್ತಿದವು. ಹಳೆಯ ಎರಡು ಗೋಡೆಗೆ ಒತ್ತಿಕೊಂಡವು. ಸೊಸೆ ಕಾಳಿನ ತಟ್ಟೆ ಇಟ್ಟದ್ದೇ ತಡ, ಹೊಸ ಗಂಡು ನುಗ್ಗಿ ಕುಂಟುವ ಹಳೆಯ ಹೆಣ್ಣಿನ ಕುತ್ತಿಗೆ ಕಚ್ಚಿ ನೆಲಕ್ಕೆ ಒತ್ತಿತು. ಗಂಡ ಪೊರಕೆ ಹಿಡಿದು ಓಡಿದ, ಗುಬ್ಬಿ ಕಿರುಚಿದಳು. ಕುಂಟುವ ಹೆಣ್ಣು ಬಿಡಿಸಿಕೊಂಡು ಒಗೆಯುವ ಕಲ್ಲಿನ ಹಿಂದೆ ನುಸುಳಿತು; ಗಂಡು ಮತ್ತೆ ಅಟ್ಟಿಸಿಕೊಂಡು ಹೋಯಿತು.

ಅಡುಗೆಮನೆಯ ಕಿಟಕಿ ತೆರೆಯಿತು. "ಒಂದೇ ತಟ್ಟೆ ಇಟ್ರೆ ಕಚ್ಚಾಡದೆ ಏನು ಮಾಡ್ತಾವೆ? ಮೂರು ಕಡೆ ಇಡಿ. ನೀರೂ ಎರಡು ಕಡೆ. ಆ ಗಂಡು ಹಕ್ಕೀನ ಇವತ್ತು ಬುಟ್ಟಿ ಕೆಳಗೆ ಹಾಕಿ, ಹೆಣ್ಣುಗಳು ಮೊದ್ಲು ಗುರುತು ಮಾಡ್ಕೊಳ್ಳಲಿ." ಮಾತು ಅಲ್ಲಿಗೆ ನಿಂತಿತು. ಅತ್ತೆ ತಾವೇ ತಮ್ಮ ಮಾತಿಗೆ ಬೆಚ್ಚಿದವರಂತೆ, "ಹಾಗಂತ ನೆನಪು. ಸರಿಯೋ ಏನೋ" ಎಂದು ಕಿಟಕಿ ಮುಚ್ಚಿಕೊಂಡರು.

ಹಾಗೆಯೇ ಮಾಡಿದರು. ಅರ್ಧ ಗಂಟೆಯಲ್ಲಿ ಹಿತ್ತಿಲು ತಣ್ಣಗಾಯಿತು.

ಆ ವಾರದ ಕೊನೆಗೆ ಗಂಡ ಒಂದು ಫಾರಂ ತಂದ. ಮರೆವಿನ ಡಾಕ್ಟರರ ಹತ್ತಿರ ಅಮ್ಮನನ್ನು ತೋರಿಸಲು ದಿನ ಗೊತ್ತುಮಾಡಿದ್ದ. ಮನೆಯವರು ಮುಂಚೆಯೇ ತುಂಬಿಸಿ ತರಬೇಕಾದ ಫಾರಂ ಅದು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ, ಅನ್ನದ ಪಾತ್ರೆಗೂ ಮೊಟ್ಟೆಯ ಪಲ್ಯಕ್ಕೂ ನಡುವೆ ಅದನ್ನು ಹರಡಿದ.

"ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ. ಅಮ್ಮ, ನಿಂಗೆ ಬೇಜಾರಿಲ್ಲ ತಾನೆ?"

"ಬರೀಲಿ ಬಿಡು" ಎಂದರು ಅತ್ತೆ, ಗುಬ್ಬಿಯ ತಟ್ಟೆಗೆ ಪಲ್ಯ ಬಡಿಸುತ್ತಾ.

ಹೆಸರು, ವಯಸ್ಸು, ನುಂಗುವ ಮಾತ್ರೆ, ಎಲ್ಲ ಬರೆದಾಯಿತು. ಆಮೇಲೆ ಒಂದು ಪ್ರಶ್ನೆ: ಇತ್ತೀಚೆಗೆ ಮರೆವಿನಿಂದಾದ ಮೂರು ಘಟನೆಗಳನ್ನು ವಿವರಿಸಿ. ಕೆಳಗೆ ಒಂದು, ಎರಡು, ಮೂರು ಎಂದು ಗೆರೆ. ಸೊಸೆ ಒಂದನೆಯ ಟೀ ಪಾತ್ರೆ ಬರೆದಳು, ಎರಡನೆಯ ಟೀ ಪಾತ್ರೆ ಬರೆದಳು.

"ಮೂರನೇದಕ್ಕೆ ಬಾತುಕೋಳಿ ವಿಷಯ ಹಾಕು" ಎಂದ ಗಂಡ. "ಅದೇ ಮುಖ್ಯ. ತಾನೇ ಇಟ್ಟು, ತಾನೇ ತೆಗೆದು, ತನಗೇ ಗೊತ್ತಿಲ್ಲ ಅಂದ್ರೆ..."

ಹದಿನಾಲ್ಕು ವರ್ಷದಲ್ಲಿ ಅವಳು ಒಂದು ತಪ್ಪು ರಿಪೋರ್ಟಿಗೂ ಸಹಿ ಹಾಕಿದವಳಲ್ಲ. ಪೆನ್ನು ಗೆರೆಯ ಮೇಲೆ ಒಂದು ಚುಕ್ಕೆಯಷ್ಟು ಶಾಯಿ ಬಿಟ್ಟಿತು.

"ಅದು ಅತ್ತೆ ಅಲ್ಲ" ಎಂದಳು. "ಟಬ್ಬು ಇಟ್ಟದ್ದು ನಾನು. ಹಳೇದು ನನ್ನ ಕೈಯಲ್ಲಿ ಒಡೀತು. ಸಂಜೆ ಬೇರೆ ತಂದು ಬದಲಾಯಿಸಿದೆ."

ಗುಬ್ಬಿಯ ಕೈ ತುತ್ತಿನ ಜೊತೆ ಅರ್ಧಕ್ಕೇ ನಿಂತಿತು. ಗಂಡ, "ಏನಂದೆ?" ಎಂದ. ಅತ್ತೆ ಮಾತ್ರ ಸೌಟನ್ನು ಪಾತ್ರೆಯಲ್ಲಿ ನಿಧಾನವಾಗಿ ಇಟ್ಟರು.

"ಯಾವ ಹೊತ್ತಲ್ಲಿ ಇಟ್ಟೆ?"

"ಬೆಳಿಗ್ಗೆ. ನೀವು ಸ್ನಾನಕ್ಕೆ ಹೋಗಿದ್ರಿ."

"ತೆಗೆದದ್ದು?"

"ಲ್ಯಾಬಿಂದ ಬಂದ ಮೇಲೆ."

"ಹಾಗಾದ್ರೆ ಮಧ್ಯಾಹ್ನ ಅದು ಅಲ್ಲಿತ್ತು."

"ಇತ್ತು ಅತ್ತೆ."

"ಕಲ್ಲಿನ ಪಕ್ಕ. ಗುರುತು ಗೋಡೆ ಕಡೆ ತಿರುಗಿಸಿ ಇಟ್ಟಿದ್ರು. ಅಂಚಲ್ಲಿ ಚೂರು ಕೆಂಪು ಕಾಣ್ತಿತ್ತು, ನಾನು ಬಗ್ಗಿ ನೋಡಿದೆ."

ಸೊಸೆ ತಲೆ ಎತ್ತಿದಳು. ಗುರುತನ್ನು ಗೋಡೆಗೆ ತಿರುಗಿಸಿದ್ದು ಅವಳಿಗೇ ನೆನಪಿರಲಿಲ್ಲ. ಬೆಳಿಗ್ಗೆಯ ಆ ಗಡಿಬಿಡಿಯಲ್ಲೂ ಅಷ್ಟು ಮಾಡಲು ಅವಳ ಕೈಗೆ ಬಿಡುವಿತ್ತು.

"ಡಾಕ್ಟರು ಕೇಳಿದಾಗ ಇಲ್ಲೇ ನಿಂತಿದ್ದೆಯಲ್ಲೇ" ಎಂದ ಗಂಡ. "ನಾನು ಒಲೆ ಕಿತ್ತಿಟ್ಟೆ. ನೋಡ್ತಾ ಇದ್ದೆಯಲ್ಲ."

"ಬೇಲಿನೇ ಎದ್ದು ಹೊಲ ಮೇಯ್ತು ಅನ್ನು" ಎಂದರು ಅತ್ತೆ. ದನಿ ಏರಲಿಲ್ಲ. "ಬಾತುಕೋಳಿ ಹೋದ್ರೆ ಹೋಗಲಿ, ಬೇರೆ ತರಬಹುದು. ಮೇಷ್ಟ್ರಿಗೂ ವಯಸ್ಸಾಗಿತ್ತು. ನಾನು ಇಪ್ಪತ್ತಾರು ದಿನದಿಂದ ನನ್ನ ಕಣ್ಣನ್ನ ನಾನೇ ನಂಬಿಲ್ಲ ಕಣಮ್ಮ. ನಲ್ಲಿ ನಿಲ್ಲಿಸಿ, ನಿಲ್ಲಿಸಿದ್ನಾ ಅಂತ ನಾಲ್ಕು ಸಲ ಹೋಗಿ ನೋಡ್ತೀನಿ."

"ತಪ್ಪಾಯ್ತು ಅತ್ತೆ."

"ಅದು ಆಮೇಲೆ." ಅವರು ಎದ್ದು ಹೋದರು. ಕೋಣೆಯಲ್ಲಿ ದಿಂಬು ಸರಿಸಿದ ಸದ್ದು ಕೇಳಿತು. ಬಂದಾಗ ಕೈಯಲ್ಲಿ ನೋಟುಪುಸ್ತಕವಿತ್ತು. ಹೊಸ ಪುಟ ತೆರೆದು, ಊಟದ ತಟ್ಟೆಯನ್ನು ಪಕ್ಕಕ್ಕೆ ದೂಡಿ, ಪೆನ್ಸಿಲಿನಲ್ಲಿ ಒಂದೊಂದೇ ಅಕ್ಷರ ಬರೆದರು. ಬರೆದದ್ದನ್ನು ಸೊಸೆಯ ಮುಂದೆ ತಿರುಗಿಸಿದರು. ಕೆಂಪು ಗುರುತಿನ ಟಬ್ಬು ಹಳೆಯ ಬಾತುಕೋಳಿಗಳ ಹತ್ತಿರ ಇತ್ತು. ನಾನು ನೋಡಿದ್ದು ನಿಜ.

"ನಿಮ್ಮ ಲ್ಯಾಬಲ್ಲಿ ರಿಪೋರ್ಟಿನ ಕೆಳಗೆ ಸಹಿ ಹಾಕ್ತೀಯಲ್ಲ, ಹಾಗೆ ಹಾಕು. ಪೆನ್ನಲ್ಲಿ."

ಸೊಸೆ ಸಹಿ ಹಾಕಿದಳು. ಗುಬ್ಬಿ ಅಮ್ಮನ ಕಡೆ ನೋಡಲಿಲ್ಲ. ಗಂಡ ಎದ್ದು ಕಪಾಟಿನ ಮೇಲೆ ತಡಕಾಡಿ ಒಲೆಯ ಗುಂಡಿಗಳನ್ನು ತಂದು ಅಮ್ಮನ ತಟ್ಟೆಯ ಪಕ್ಕ ಇಟ್ಟ.

"ನೀನೂ ಇರು, ಅವಸರ ಬೇಡ" ಎಂದರು ಅತ್ತೆ ಅವನಿಗೆ. "ಟೀ ಪಾತ್ರೆ ಎರಡು ಸಲ ಸುಟ್ಟದ್ದು ನಾನೇ. ಅದು ಫಾರಮ್ಮಲ್ಲಿ ಇರಲಿ. ಡಾಕ್ಟರ ಹತ್ರ ಹೋಗೋಣ. ಮೂರನೇ ಗೆರೆ ಖಾಲಿ ಬಿಡು." ಆಮೇಲೆ ನೋಟುಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಸಹಿಯನ್ನು ಬೆರಳಿಟ್ಟು ನೋಡಿದರು. ಮತ್ತೆ ಸೊಸೆಯ ಕಡೆ ದೂಡಿದರು.

"ತಾರೀಖು ಹಾಕಿಲ್ಲ."

ಸೊಸೆ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದಳು.

"ಇವತ್ತಿಂದಲ್ಲ. ಅವತ್ತಿಂದು ಹಾಕು."

ಪೆನ್ನು ಹಾಳೆಯ ಮೇಲೆ ನಿಂತಿತು. ಅವಳಿಗೆ ಮರೆತಿರಲಿಲ್ಲ, ಬೆರಳು ಮಾತ್ರ ಮುಂದೆ ಹೋಗಲಿಲ್ಲ. ಅತ್ತೆ ಪೆನ್ನಿನ ತುದಿ ನೋಡಿದರು. ಆಮೇಲೆ, ಯಾರದೋ ತೋಳಿನ ಅಳತೆ ಹೇಳುವಷ್ಟು ಸಲೀಸಾಗಿ, ತಾವೇ ಹೇಳಿದರು.

"ಹನ್ನೊಂದು. ಮಂಗಳವಾರ. ಬರಿ."